ಎಡಗಡೆಯ ಬಳೆ ಸದ್ದು

ಕೃಷ್ಣಯ್ಯನಿಗೆ ಸಿಟ್ಟು ಬಂದರೆ ಕಾಮಾಕ್ಷಿಪಾಳ್ಯದ ಆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅಕ್ಕಪಕ್ಕದ ಲೇತ್ ಮೆಷಿನ್ನುಗಳು ಕಬ್ಬಿಣ ಕೊರೆಯುವ ಸದ್ದಿನ ಮೇಲೂ ಅವನ ದನಿ ಎದ್ದು ಕೇಳುತ್ತಿತ್ತು. ಮಾಗಡಿ ಕಡೆಯ ಹಳ್ಳಿಯಿಂದ ಬಂದು ವರ್ಷಾನುಗಟ್ಟಲೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಮದುವೆ, ಆರ್ಕೆಸ್ಟ್ರಾ, ಗಣೇಶನ ಪೆಂಡಾಲು ಎಂದು ದೊಡ್ಡ ಹಾರ್ನುಗಳ ಪಕ್ಕದಲ್ಲೇ ಆಯುಷ್ಯ ಕಳೆದವನು. ಅಲ್ಲಿ ನಿಂತು ಮಾತಾಡಬೇಕಾದರೆ ಕೂಗಲೇಬೇಕು. ಮೈಕ್‌ಸೆಟ್ ಮಾರಿದ ಮೇಲೂ ಕೂಗು ಹಾಗೆಯೇ ಉಳಿಯಿತು, ಕಿವಿ ಉಳಿಯಲಿಲ್ಲ. ಗುಬ್ಬಿಯ ಚಿಲಿಪಿಲಿ, ಕುಕ್ಕರು ಕೂಗುವ ಮೊದಲಿನ ಸುಂಯ್ ಎನ್ನುವ ಸದ್ದು, ಹೆಂಡತಿಯ ಕೈಬಳೆ, ಇಂಥ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಅವನನ್ನು ಬಿಟ್ಟುಹೋದವು. ಅದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ. "ನನ್ನ ಕಿವೀನ ಮೈಕ್‌ಸೆಟ್ಟು ತಿಂದ್ಹಾಕ್ತು. ಈಗ ಈ ಮನೇಲಿರೋದು ನನ್ನ ಮಗಳ ಕಿವಿ," ಎನ್ನುತ್ತಿದ್ದ.

ಈಗ ಅವನ ಕಸುಬು ಹೆಡ್‌ಫೋನಿಗೆ ಕೇಬಲ್ ಹೆಣೆಯುವುದು. ದುಡ್ಡು ಸುರಿದು ಹೆಡ್‌ಫೋನು ಕೊಳ್ಳುವವರಿಗೆ ಅದರ ಜೊತೆ ಬಂದ ತಂತಿ ಹಿಡಿಸುವುದಿಲ್ಲ. ತಾಮ್ರದ ತಂತಿಯಾದರೆ ಸದ್ದು ತುಂಬಿಕೊಂಡಿರುತ್ತದೆ ಎಂದು ಒಬ್ಬ, ಬೆಳ್ಳಿ ಬಳಿದ ತಾಮ್ರವಾದರೆ ಸದ್ದಿನ ಅಂಚು ಚೂಪಾಗುತ್ತದೆ ಎಂದು ಇನ್ನೊಬ್ಬ, ಎಲ್ಲ ಬರೀ ಭ್ರಮೆ ಎಂದು ಮತ್ತೊಬ್ಬ. ಹೀಗೆ ಅವರವರಲ್ಲೇ ಜಗಳ. ಕೃಷ್ಣಯ್ಯ ಆ ಜಗಳಕ್ಕೆ ಹೋಗುವವನಲ್ಲ. ತಂತಿ ಹೆಣೆಯುವುದು, ತುದಿಯ ಪಿನ್ನುಗಳಿಗೆ ಬೆಸುಗೆ ಹಾಕುವುದು ಅವನ ಕೆಲಸ. ಕೇಳುವುದು ಮಗಳು ಚೈತ್ರಳ ಕೆಲಸ. ಬಿ.ಕಾಂ. ಮುಗಿಸಿದ್ದಳು. ಬೇರೆ ಕಡೆ ಕೆಲಸಕ್ಕೆ ಹೋಗಬಹುದಿತ್ತು. ಇದೇ ಇಷ್ಟ ಎಂದು ಅಪ್ಪನ ಬೆಂಚಿನ ಪಕ್ಕದಲ್ಲಿ ಕೂತಳು. ಅವಳ ಎಡಕ್ಕೆ ಅವನ ಸ್ಟೂಲು, ಬೆಸುಗೆಯ ಕಡ್ಡಿ, ಗೋಡೆಯಲ್ಲಿ ಕರೆಂಟಿನ ಪ್ಲಗ್ಗು.

ಅವಳು ಕೇಳುವ ರೀತಿಯೇ ಬೇರೆ. ಹಾಡು ಹಾಕಿಕೊಂಡು ಕೇಳುತ್ತಿರಲಿಲ್ಲ. ಒಂದು ಭಾನುವಾರ, ಲೇತುಗಳೆಲ್ಲ ಬಂದ್ ಆಗಿದ್ದಾಗ, ತಾರಸಿಯಲ್ಲಿ ಅವಳ ತಾಯಿ ಮುನಿಲಕ್ಷ್ಮಮ್ಮ ಊರಿಂದ ಬಂದ ರಾಗಿ ಕೇರುತ್ತಾ ಕೂತಿದ್ದಳು. ಕೃಷ್ಣಯ್ಯ ತನ್ನ ಹತ್ತಿರ ಉಳಿದಿದ್ದ ಎರಡು ಒಳ್ಳೆಯ ಮೈಕುಗಳನ್ನು ಆಕೆಯ ಎಡಕ್ಕೊಂದು ಬಲಕ್ಕೊಂದು ಇಟ್ಟು ಅದನ್ನು ರೆಕಾರ್ಡ್ ಮಾಡಿದ್ದ. ಬಲಗೈ ಬಳೆಗಳು ಆ ಬೆಳಿಗ್ಗೆ ಒಗೆಯುವ ಕಲ್ಲಿಗೆ ತಗುಲಿ ಒಡೆದಿದ್ದವು. ಹಾಗಾಗಿ ಬಳೆ ಸದ್ದು ಎಡಗಡೆ ಮಾತ್ರ. ನಡುವೆ ಮೊರದ ಶ್ ಶ್. ಬಲಗಡೆ ದೂರದಲ್ಲಿ ಸೊಪ್ಪು ಮಾರುವವಳ ಕೂಗು. ಕೊನೆಯಲ್ಲಿ ಮುನಿಲಕ್ಷ್ಮಮ್ಮನ ಬೇಸತ್ತ ಮಾತು: "ಸಾಕೇನ್ರೀ? ಇನ್ನೂ ಕೇರಬೇಕಾ?"

ಇದೇ ಆ ಮನೆಯ ಅಳತೆಗೋಲು. ಪ್ರತಿ ಕೇಬಲನ್ನೂ ಚೈತ್ರ ಇದರಲ್ಲಿ ಅಳೆಯುತ್ತಿದ್ದಳು. ಮಧ್ಯಾಹ್ನ ಊಟಕ್ಕೆಂದು ಲೇತುಗಳು ನಿಂತು ಬೀದಿ ಮೌನವಾದಾಗ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚುವಳು. ಮೊರದ ಸದ್ದು ಒರಟಾಯಿತೋ ನಯವಾಯಿತೋ, ಅಮ್ಮನ ದನಿ ಹತ್ತಿರ ಬಂತೋ ದೂರ ಹೋಯಿತೋ, ಬಳೆಗಳು ಒಂದೊಂದಾಗಿ ಬಿಡಿಬಿಡಿ ಕೇಳುತ್ತವೋ ಅಂಟಿಕೊಂಡಿವೆಯೋ ಹೇಳುವಳು. ಒಂದು ಸಲ ತಂತಿ ಪರೀಕ್ಷಿಸುವ ಮೀಟರು ಸರಿಯಿದೆ ಎಂದು ತೋರಿಸಿದ ಕೇಬಲ್ಲಿಗೆ "ಬಳೆ ಒಡಕಾಗಿದೆ ಅಪ್ಪ" ಎಂದಳು. ಕೃಷ್ಣಯ್ಯ ರೇಗಾಡಿದ. ಆಮೇಲೆ ಹೊದಿಕೆ ಸೀಳಿ ನೋಡಿದರೆ ಒಳಗೆ ಎಡಗಡೆಯ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಂದಿನಿಂದ ಮೀಟರು ಎರಡನೆಯದಾಯಿತು, ಚೈತ್ರ ಮೊದಲನೆಯವಳಾದಳು. ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಮೀಟರಿಗೆ ಗೊತ್ತಾಗದ್ದು ನನ್ನ ಮಗಳಿಗೆ ಗೊತ್ತಾಗುತ್ತೆ."

ಅವರ ಕೇಬಲ್ಲುಗಳನ್ನು ಮಾರುತ್ತಿದ್ದವನು ಬಸವಕಿರಣ್. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಹೆಡ್‌ಫೋನಿನ ಅಂಗಡಿ, ಮೂವತ್ತರ ಆಸುಪಾಸಿನ ಹುಡುಗ, ಮಾತು ಹೆಚ್ಚು. ಒಂದು ದಿನ ಹೊಸ ಹೆಡ್‌ಫೋನೊಂದನ್ನು ಹಿಡಿದುಕೊಂಡು ಮನೆಗೇ ಬಂದ.

"ಕೃಷ್ಣಯ್ಯಣ್ಣ, ಈ ಒಂದೇ ಹೆಡ್‌ಫೋನಿಗೆ ಮೂರು ಕೇಬಲ್ ಮಾಡಿಕೊಡಿ. ಬರೀ ತಾಮ್ರ ಒಂದು, ಬೆಳ್ಳಿ ಬಳಿದದ್ದು ಒಂದು, ಪೂರ್ತಿ ಬೆಳ್ಳೀದು ಒಂದು. ಅಂಗಡೀಲಿ ನೇತು ಹಾಕ್ತೀನಿ. ಗಿರಾಕಿಗಳು ಬದಲಾಯಿಸಿ ಬದಲಾಯಿಸಿ ಕೇಳ್ಲಿ. ಮೊದಲು ಚೈತ್ರ ಹೋಲಿಸಿ ಹೇಳ್ಬೇಕು, ಯಾವುದು ಹೆಂಗಿದೆ ಅಂತ."

"ಹೇಳ್ತಾಳೆ ಬಿಡು."

"ಅಯ್ಯೋ, ಅವಳು ಹೇಳೋದೇ ಭಯ ಅಣ್ಣ. ಹೋದ ಸಲ ಎರಡು ಕೇಬಲ್ ಕೊಟ್ರೆ, ಎರಡೂ ಒಂದೇ ಥರ ಇದೆ ಅಂತ ಗಿರಾಕಿ ಮುಂದೇನೇ ಅಂದುಬಿಟ್ಲು. ನಾನು ಅಂಗಡಿ ಮುಚ್ಚಿ ತಳ್ಳೋಗಾಡೀಲಿ ಬಾಳೆಹಣ್ಣು ಮಾರ್ಬೇಕಾ?"

"ಮಾರು. ಪಚ್ಚಬಾಳೇನೂ ಏಲಕ್ಕಿ ಬಾಳೇನೂ ಒಂದೇ ಅಂತ ಮಾತ್ರ ಅವಳು ಹೇಳಲ್ಲ, ಹೆದರ್ಬೇಡ," ಎಂದು ಕೃಷ್ಣಯ್ಯ ನಕ್ಕ. ಚೈತ್ರಳೂ ನಕ್ಕಳು. ಆ ನಗು ಅವನಿಗೆ ಆಮೇಲೆ ಬಹಳ ದಿನ ನೆನಪಿಗೆ ಬರುತ್ತಿತ್ತು.

ಮೂರೂ ಹೆಣೆದು ಮುಗಿಸಿದ ದಿನ ಚೈತ್ರ ಏಳುವಾಗಲೇ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ ಎಂದಳು. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡಿದ್ದಳು. "ನೀರು ಹೋಗಿರುತ್ತೆ ಕಣೇ," ಎಂದು ಮುನಿಲಕ್ಷ್ಮಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಎರಡು ಹನಿ ಬಿಟ್ಟು ಹತ್ತಿ ಇಟ್ಟಳು. ಮಧ್ಯಾಹ್ನ ಲೇತುಗಳು ನಿಂತವು. ಹತ್ತಿ ತೆಗೆದು ಚೈತ್ರ ಹೆಡ್‌ಫೋನು ಹಾಕಿಕೊಂಡಳು. ತಾಮ್ರದ ಕೇಬಲ್ ಮೊದಲು.

"ಬಳೆ ಕೇಳ್ತಿಲ್ಲ ಅಪ್ಪ."

"ಕೇಳ್ತಿಲ್ಲ ಅಂದ್ರೆ?"

"ಎಡಗಡೆ ಪೂರ್ತಿ ಮಂಕು. ಅಮ್ಮನೂ ಬಲಕ್ಕೆ ಸರಿದು ಕೂತಂಗಿದ್ದಾಳೆ."

ಬೆಳ್ಳಿ ಬಳಿದದ್ದನ್ನು ಹಾಕಿ ಕೊಟ್ಟ. ಅದೂ ಹಾಗೆಯೇ. ಪೂರ್ತಿ ಬೆಳ್ಳಿಯದರಲ್ಲೂ ಅಷ್ಟೇ. ಕೃಷ್ಣಯ್ಯ ತಾನೂ ಹಾಕಿಕೊಂಡು ನೋಡಿದ. ಅವನಿಗೆ ಎಡ ಬಲ ಎರಡೂ ಸಮವಾಗಿಯೇ ಕೇಳಿತು. ಆದರೆ ಬಳೆ ಅವನಿಗೆ ಎಂದು ಕೇಳಿತ್ತು, ಇಂದು ಕೇಳುವುದಕ್ಕೆ? ಮೀಟರು ಇಟ್ಟ. ಮುಳ್ಳು ಸರಿಯಾಗಿ ಬಂತು. ಮೀಟರು ಸರಿ ಅನ್ನುತ್ತದೆ, ಚೈತ್ರ ಸರಿಯಿಲ್ಲ ಅನ್ನುತ್ತಾಳೆ. ಆ ಮನೆಯಲ್ಲಿ ಇಂಥ ತಕರಾರಿಗೆ ತೀರ್ಪು ಎಂದೋ ಆಗಿಹೋಗಿತ್ತು. ಕೃಷ್ಣಯ್ಯ ಮೀಟರನ್ನು ಪಕ್ಕಕ್ಕೆ ಎಸೆದು ಮೂರೂ ಕೇಬಲ್ಲುಗಳ ಹೊದಿಕೆ ಸೀಳಿದ.

ಹೆಣೆದದ್ದನ್ನು ಬಿಚ್ಚುವುದು ಹೆಣೆಯುವುದಕ್ಕಿಂತ ಕಷ್ಟ. ಎಡಗಡೆಯ ಪಿನ್ನುಗಳನ್ನೆಲ್ಲ ಕಿತ್ತು ಹೊಸದು ಹಾಕಿದ. ಬೆಸುಗೆಯ ಸೀಸ ಬದಲಾಯಿಸಿದ. ಹೆಣಿಗೆ ಬಿಗಿಯಾಗಿ ಎಳೆ ತುಂಡಾಗಿರಬಹುದು ಎಂದು ತಾಮ್ರದ್ದನ್ನು ಮೊದಲಿನಿಂದ ಹೆಣೆದ. ದಿನಗಳು ಹೋದವು. ಪ್ರತಿ ಮಧ್ಯಾಹ್ನ ಲೇತು ನಿಂತಾಗ ಚೈತ್ರ ಹಾಕಿಕೊಳ್ಳುವಳು, ತೆಗೆಯುವಳು, ತಲೆ ಅಲ್ಲಾಡಿಸುವಳು. ಅವನ ಸಿಟ್ಟು ಏರುತ್ತಾ ಹೋಯಿತು. ಮೊದಲು ತಂತಿಯ ಮೇಲೆ, ಆಮೇಲೆ ಪಿನ್ನಿನ ಮೇಲೆ, ಕೊನೆಗೆ ಅವಳ ಮೇಲೆ.

"ಆ ಕತ್ತರಿ ಕೊಡೇ," ಎಂದ ಒಂದು ದಿನ, ಬೆಂಚಿನ ಮೇಲೆ ಬಗ್ಗಿಕೊಂಡೇ. ಅವಳು ಅಲುಗಾಡಲಿಲ್ಲ.

"ಚೈತ್ರಾ! ಕತ್ತರಿ!"

ಅವಳು ಬೆಚ್ಚಿ, ಬಾಗಿಲ ಕಡೆ ನೋಡಿ, ಆಮೇಲೆ ಅವನ ಕಡೆ ತಿರುಗಿದಳು.

"ಮಗ್ಗುಲಲ್ಲೇ ಕೂತು ಕರೀತಿದೀನಿ, ಕಿವುಡಿ ಥರ ಕೂತಿದ್ದೀಯಲ್ಲ! ಎಲ್ಲೈತೆ ನಿನ್ನ ಜ್ಞಾನ?"

ಚೈತ್ರ ಕತ್ತರಿ ಕೊಟ್ಟಳು. "ಅಪ್ಪ, ಇದು ಕೇಬಲ್ ಅಲ್ಲ ಅನ್ಸುತ್ತೆ," ಎಂದಳು.

"ಕೇಬಲ್ ಅಲ್ಲದೆ ಇನ್ನೇನು? ನನ್ನ ಕೈ ಕೆಟ್ಟೋಗಿದೆ ಅಂತ ಬಾಯಿಬಿಟ್ಟು ಹೇಳು, ಕೇಳ್ತೀನಿ!"

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು. ಒಳಗಿನಿಂದ ಮುನಿಲಕ್ಷ್ಮಮ್ಮ, "ಮಗೂನ ಯಾಕ್ರೀ ಹಂಗೆ ತಿಂತೀರಿ? ಎರಡು ದಿನದಿಂದ ಅನ್ನಾನೂ ಸರಿಯಾಗಿ ಉಂಡಿಲ್ಲ ಅವಳು," ಎಂದಳು. ಕೃಷ್ಣಯ್ಯನ ತಲೆ ಬೇರೆ ಕಡೆ ಓಡುತ್ತಿತ್ತು. ಕೇಬಲ್ ಅಲ್ಲ. ಹೌದಲ್ಲ! ಮೂರಕ್ಕೆ ಮೂರೂ ಎಡಗಡೆಯೇ ಮಂಕೆಂದರೆ ಕೇಬಲ್ ಹೇಗಾದೀತು? ಹೆಡ್‌ಫೋನೇ ಕೆಟ್ಟದ್ದು. ಯಾವನೋ ಗಿರಾಕಿ ವಾಪಸ್ ಕೊಟ್ಟ ಮಾಲನ್ನು ಬಸವಕಿರಣ್ ಹೊಸ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟಿದ್ದಾನೆ. ಅದಕ್ಕಾಗಿ ತಾನು ಇಷ್ಟು ದಿನ ಒಳ್ಳೆಯ ಬೆಸುಗೆಗಳನ್ನೆಲ್ಲ ಕಿತ್ತು ಹಾಕಿದೆ. ಹೋಲಿಸಿ ನೋಡೋಣವೆಂದರೆ ಮನೆಯ ಹಳೆಯ ಹೆಡ್‌ಫೋನು ಪಟ್ಟಿ ಮುರಿದು, ಬಿಚ್ಚಿಹಾಕಿದ್ದು ಬಿಚ್ಚಿದಂತೆಯೇ ಬಿದ್ದಿತ್ತು.

ಹೆಡ್‌ಫೋನನ್ನೂ ಮೂರು ಕೇಬಲ್ಲುಗಳನ್ನೂ ಚೀಲಕ್ಕೆ ತುಂಬಿಕೊಂಡು ಸ್ಕೂಟರು ಹತ್ತಿದ. ಚೈತ್ರ ಬಾಗಿಲಿಗೆ ಬಂದು "ಅಪ್ಪ, ನಿಂತ್ಕೋ, ಒಂದು ಮಾತು," ಎಂದದ್ದನ್ನು ಸ್ಕೂಟರಿನ ಸದ್ದಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದ್ದರೆ ಇನ್ನೂ ಒಳ್ಳೆಯದಾಯಿತು ಎಂದುಕೊಂಡು ಕೃಷ್ಣಯ್ಯ ಬಾಗಿಲಿನಿಂದಲೇ ಶುರು ಮಾಡಿದ.

"ಏನೋ, ಹಾಳು ಮಾಲು ಕೊಟ್ಟು ನನ್ನ ಕೈ ಪರೀಕ್ಷೆ ಮಾಡ್ತೀಯಾ? ಎಡಗಡೆ ಸತ್ತೋಗಿರೋ ಹೆಡ್‌ಫೋನು ಕೊಟ್ಟು ಕೇಬಲ್ ಹೋಲಿಸು ಅಂತೀಯಾ?"

"ಅಣ್ಣ, ಅಣ್ಣ, ಮೆಲ್ಲಗೆ. ಒಳಗೆ ಬನ್ನಿ. ಡಬ್ಬಿ ನಿಮ್ಮ ಮುಂದೇನೇ ಒಡೆದದ್ದಲ್ವಾ?"

"ಡಬ್ಬಿ ಒಡೆದದ್ದು ಗೊತ್ತು. ಡಬ್ಬಿ ಕಟ್ಟಿದ್ಯಾರು ಅಂತ ಯಾರಿಗ್ಗೊತ್ತು?"

ಬಸವಕಿರಣ್ ಮಾತು ಬೆಳೆಸಲಿಲ್ಲ. ಹೆಡ್‌ಫೋನು ಸಿಕ್ಕಿಸಿ ಹಾಕಿಕೊಂಡ. ಆ ರೆಕಾರ್ಡಿಂಗು ಅವನ ಹತ್ತಿರವೂ ಇತ್ತು. ಕೇಳಿ, ಕೇಬಲ್ ಬದಲಾಯಿಸಿ, ಮತ್ತೆ ಕೇಳಿದ. "ಸರಿಯಾಗಿದೆಯಲ್ಲಣ್ಣ."

"ನಿನ್ನ ಕಿವೀಲಿ ಏನು ಹತ್ತಿ ತುರ್ಕೊಂಡಿದ್ದೀಯಾ?"

ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ನಗು ತಡೆದುಕೊಂಡು ನಿಂತಿದ್ದಳು. ಬಸವಕಿರಣ್ ಅವಳಿಗೆ ಹೆಡ್‌ಫೋನು ಕೊಟ್ಟ. "ಒಂದು ನಿಮಿಷ ಕೇಳಿ ಹೇಳಮ್ಮ. ಈ ಅಣ್ಣ ನಾನು ಹೇಳಿದ್ರೆ ನಂಬಲ್ಲ."

ಹುಡುಗಿ ಹಾಕಿಕೊಂಡಳು. ಅವಳ ಮುಖ ನಿಧಾನವಾಗಿ ಮೃದುವಾಯಿತು. "ಯಾರೋ ಏನೋ ಕೇರ್ತಿದ್ದಾರೆ ಅಂಕಲ್. ಅಕ್ಕಿನಾ?"

"ರಾಗಿ. ಎಡಗಡೆ ಏನು ಕೇಳುತ್ತೆ ಅದು ಹೇಳು."

"ಬಳೆ. ಗಾಜಿನ ಬಳೆ ಅಲ್ವಾ? ತುಂಬಾ ಚೆನ್ನಾಗಿ ಕೇಳ್ತಿದೆ."

ಬಸವಕಿರಣ್ ಹೆಡ್‌ಫೋನನ್ನು ಹಿಂದುಮುಂದು ಮಾಡಿ ಮತ್ತೆ ಅವಳ ತಲೆಗೆ ಹಾಕಿದ. ಈಗ ಎಡಗಡೆಯದು ಬಲಗಿವಿಗೆ ಬಂತು. "ಈಗ ಬಲಕ್ಕೆ ಬಂತು. ಅಷ್ಟೇ ಚೆನ್ನಾಗಿದೆ," ಎಂದಳು ಹುಡುಗಿ.

ಕೃಷ್ಣಯ್ಯನ ಬಾಯಿಯಲ್ಲಿ ಇನ್ನೂ ಬೈಗುಳವಿತ್ತು. ಅದು ಅಲ್ಲೇ ಒಣಗಿತು. ಬಸವಕಿರಣ್ ಅವನ ಹತ್ತಿರ ಬಂದು, ಗಿರಾಕಿಗಳಿಗೆ ಕೇಳದ ಹಾಗೆ, "ಅಣ್ಣ, ಚೈತ್ರ ಹೆಡ್‌ಫೋನು ತಿರುಗಿಸಿ ಹಾಕ್ಕೊಂಡು ನೋಡಿದ್ಳಾ?" ಎಂದ.

ಅದು ಕೃಷ್ಣಯ್ಯ ಮೈಕ್‌ಸೆಟ್ಟಿನ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ಕಲಿತ ಪಾಠ. ಒಂದು ಕಡೆಯ ಸ್ಪೀಕರ್ ಡಬ್ಬ ಸದ್ದು ಮಾಡದಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡು. ತೊಂದರೆಯೂ ಜೊತೆಗೆ ಆ ಕಡೆ ಹೋದರೆ ಡಬ್ಬದ್ದು. ಇದ್ದ ಕಡೆಯೇ ಉಳಿದರೆ ಡಬ್ಬದ್ದಲ್ಲ, ಅಲ್ಲಿಯದು. ಪಿನ್ನು ಬದಲಾಯಿಸಿದ್ದ, ಸೀಸ ಬದಲಾಯಿಸಿದ್ದ, ಹೆಣಿಗೆ ಬಿಚ್ಚಿದ್ದ. ಹೆಡ್‌ಫೋನನ್ನು ತಿರುಗಿಸಿ ಹಾಕು ಎಂದು ಮಗಳಿಗೆ ಒಂದು ಸಲವೂ ಹೇಳಿರಲಿಲ್ಲ. ಅಲ್ಲಿಯದು ಎಂದರೆ ಯಾವುದು ಎಂದು ಅವನ ತಲೆಗೆ ಬಂದೇ ಇರಲಿಲ್ಲ. ಇಡೀ ಮನೆಯಲ್ಲಿ ಕೆಡಲಾರದ ಸಾಮಾನು ಮಗಳ ಕಿವಿಯೊಂದೇ ಎಂದು ಅವನು ನಂಬಿದ್ದ.

ಚೀಲವನ್ನು ಅಲ್ಲೇ ಬಿಟ್ಟು ಹೊರಟ. ಹಾವನೂರು ಸರ್ಕಲ್ಲಿನಲ್ಲಿ ಸಿಗ್ನಲ್ ಹಸಿರಾದದ್ದು ಕಾಣದೆ ನಿಂತೇ ಇದ್ದ. ಹಿಂದಿನಿಂದ ಆಟೋದವನು ಹಾರ್ನು ಹೊಡೆದು, "ಏನ್ ಸಾರ್, ಮನೆ ಕಟ್ಕೊಂಡ್ರಾ ಇಲ್ಲಿ?" ಎಂದ. ಬೇರೆ ದಿನವಾಗಿದ್ದರೆ ಕೃಷ್ಣಯ್ಯ ಸ್ಕೂಟರು ಸ್ಟ್ಯಾಂಡು ಹಾಕಿ ಇಳಿಯುತ್ತಿದ್ದ. ಈಗ ಕೈ ಎತ್ತಿ ತಪ್ಪಾಯಿತು ಎನ್ನುವಂತೆ ಮಾಡಿ ಮುಂದೆ ಹೋದ.

ಮನೆ ಮುಟ್ಟುವಾಗ ಲೇತುಗಳು ನಿಂತಿದ್ದವು. ಬೀದಿಯಲ್ಲಿ ಒಂದು ನಾಯಿ ಕೂಡ ಬೊಗಳುತ್ತಿರಲಿಲ್ಲ. ಚೈತ್ರ ಬಾಗಿಲಿಗೆ ಬೆನ್ನು ಮಾಡಿ ಬೆಂಚಿನ ಮುಂದೆ ಕೂತಿದ್ದಳು. ಕೃಷ್ಣಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳ ಎಡಕ್ಕೆ, ತನ್ನ ಸ್ಟೂಲಿನ ಹತ್ತಿರ ನಿಂತ. ಕೂಗಲಿಲ್ಲ.

"ಚೈತ್ರ," ಎಂದ.

ಅವಳು ತಿರುಗಲಿಲ್ಲ.

ಇನ್ನೊಂದು ಹೆಜ್ಜೆ ಹತ್ತಿರ ಹೋಗಿ, "ಚೈತ್ರ, ಮಗಳೇ," ಎಂದ.

ಅಡುಗೆ ಮನೆಯಿಂದ ಮುನಿಲಕ್ಷ್ಮಮ್ಮ ಇಣುಕಿದಳು. "ಯಾಕ್ರೀ, ಅಷ್ಟು ಮೆತ್ತಗೆ ಕರೀತಿದ್ದೀರಿ? ಹುಷಾರಿಲ್ವಾ?"

ಅಡುಗೆ ಮನೆಗೆ ಕೇಳಿತ್ತು. ಒಂದು ಮೊಳ ದೂರದಲ್ಲಿ ಕೂತವಳಿಗೆ ಕೇಳಿರಲಿಲ್ಲ. ಕೃಷ್ಣಯ್ಯ ಬೆಂಚನ್ನು ಸುತ್ತಿಕೊಂಡು ಬಲಕ್ಕೆ ಬಂದ. ಇನ್ನೂ ಕರೆದಿರಲಿಲ್ಲ, ಅಷ್ಟರಲ್ಲಿ ಅವಳು ಅವನ ನೆರಳು ನೋಡಿ ತಲೆಯೆತ್ತಿದಳು. ಅವನ ಮುಖ ನೋಡಿದಳು.

"ಬಸವಕಿರಣ್ ತಿರುಗಿಸಿ ನೋಡಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ನಾನೂ ನೋಡ್ಕೊಂಡೆ ಅಪ್ಪ. ನೀನು ತಾಮ್ರದ್ದು ಬಿಚ್ಚಿ ಹೆಣೀತಿದ್ದೆಯಲ್ಲ, ಅವತ್ತೇ."

"ಹೇಳ್ಬೇಕಾಗಿತ್ತು ಕಣೇ."

"ಹೇಳೋಕೆ ಬಂದೆ. ನೀನು ಕೂಗ್ತಿದ್ದೆ." ಅವಳ ದನಿಯಲ್ಲಿ ದೂರು ಇರಲಿಲ್ಲ. "ನನಗೂ ಭಯ ಆಯ್ತು. ಹೇಳಿದ್ರೆ ನಿಜ ಆಗಿಬಿಡುತ್ತಲ್ಲ ಅಂತ. ಎಣ್ಣೆ ಬಿಟ್ಕೊಂಡ್ರೆ ಸರಿಹೋಗುತ್ತೇನೋ ಅಂದ್ಕೊಂಡೆ."

ಮುನಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದಳು. ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಅಂದೇ ಬಸವೇಶ್ವರನಗರದ ಒಂದು ಆಸ್ಪತ್ರೆಗೆ ಹೋದರು. ಕಿವಿಯ ಡಾಕ್ಟರು ದೀಪ ಹಿಡಿದು ಒಳಗೆ ನೋಡಿ, ನೀರೂ ಇಲ್ಲ, ಕಸವೂ ಇಲ್ಲ, ಪರದೆ ಚೆನ್ನಾಗಿದೆ ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಶುರುವಾಗಿ ಎಷ್ಟು ದಿನ ಆಯಿತು ಎಂದು ಕೇಳಿದರು. ಚೈತ್ರ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಬಹುದು ಎಂದು ಕೃಷ್ಣಯ್ಯ ಕಾದ. ಅವರು ಕೇಳಲಿಲ್ಲ. ಕೇಳಿದ್ದರೆ ಏನೆಂದು ಹೇಳುತ್ತಿದ್ದನೋ. ಪಿನ್ನು ಬದಲಾಯಿಸುತ್ತಿದ್ದೆ.

ಕೇಳುವ ಪರೀಕ್ಷೆಗೆ ಬೇರೆ ಕೋಣೆ. ಗಾಜಿನ ಆಚೆ ದಪ್ಪ ಗೋಡೆಯ ಪುಟ್ಟ ಗೂಡು, ಅದರೊಳಗೆ ಕುರ್ಚಿ. ಪರೀಕ್ಷೆ ಮಾಡುವ ಮೇಡಂ ಚೈತ್ರಳ ತಲೆಗೆ ಹೆಡ್‌ಫೋನು ಹಾಕಿದರು. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಕೈಗೆ ಒಂದು ಗುಂಡಿ ಕೊಟ್ಟು, ಸದ್ದು ಎಷ್ಟೇ ಸಣ್ಣದಾಗಿ ಕೇಳಿದರೂ ಒತ್ತಬೇಕು ಎಂದರು. ಒತ್ತಿದರೆ ಈಚೆ ಮೆಷಿನ್ನಿನಲ್ಲಿ ದೀಪ ಹತ್ತುತ್ತಿತ್ತು. ಕೃಷ್ಣಯ್ಯ ಮೇಡಂ ಹಿಂದೆ ನಿಂತು ಆ ದೀಪವನ್ನೇ ನೋಡಿದ. ಬಲಗಿವಿಗೆ ದೀಪ ಮತ್ತೆ ಮತ್ತೆ ಹತ್ತಿತು. ಸದ್ದು ಸಣ್ಣದಾಗುತ್ತಾ ಹೋದರೂ ಹತ್ತಿತು. "ಒಳ್ಳೆ ಕಿವಿ," ಎಂದರು ಮೇಡಂ. ಆಮೇಲೆ ಎಡಕ್ಕೆ ಹೋದರು. ತಿರುಪು ತಿರುಗಿಸಿದರು. ಇನ್ನೂ ತಿರುಗಿಸಿದರು. ದೀಪ ಹತ್ತಲಿಲ್ಲ. ಗಾಜಿನ ಆಚೆ ಚೈತ್ರ ಕಣ್ಣು ಮುಚ್ಚಿಕೊಂಡು, ಅವಳು ಮನೆಯಲ್ಲಿ ಕೇಬಲ್ ಕೇಳುವಾಗ ಕೂತಿರುತ್ತಿದ್ದ ಹಾಗೆಯೇ ಕೂತಿದ್ದಳು.

ಕೃಷ್ಣಯ್ಯನ ಕಣ್ಣು ಹೆಡ್‌ಫೋನಿನಿಂದ ಇಳಿದು ಬಂದ ತಂತಿಯ ಮೇಲೆ ಹೋಯಿತು. ಹಳೆಯ ತಂತಿ. ಬುಡದಲ್ಲಿ ಮಡಿಚಿ ಮಡಿಚಿ ಬಿಳಿಚಿಕೊಂಡಿತ್ತು.

"ಮೇಡಂ," ಎಂದ. ತನ್ನ ದನಿ ಇಷ್ಟು ಸಣ್ಣಗಿರಬಲ್ಲದು ಎಂದು ಅವನಿಗೇ ಗೊತ್ತಿರಲಿಲ್ಲ. "ತಪ್ಪು ತಿಳ್ಕೋಬೇಡಿ. ಆ ಕೇಬಲ್ ಒಂದ್ಸಲ ನೋಡ್ತೀರಾ? ನನ್ನ ಕಸುಬೇ ಅದು. ಕೆಲವು ಸಲ ಒಳಗೆ ಎಳೆ ಕಟ್ಟಾಗಿರುತ್ತೆ. ಮೇಲೆ ಕಾಣಲ್ಲ. ಮೀಟರಿಗೂ ಗೊತ್ತಾಗಲ್ಲ."

ಮೇಡಂ ತಿರುಗಿ ಅವನನ್ನು ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. ಎದ್ದು ಗೂಡಿನೊಳಗೆ ಹೋಗಿ, ಚೈತ್ರಳ ತಲೆಯ ಮೇಲಿನ ಹೆಡ್‌ಫೋನು ತೆಗೆದು, ತಿರುಗಿಸಿ ಹಾಕಿದರು. ಈಗ ನೀಲಿ ಬಲಕ್ಕೆ, ಕೆಂಪು ಎಡಕ್ಕೆ. ಮರಳಿ ಬಂದು ಕೂತು ನೀಲಿಯಲ್ಲಿ ಸದ್ದು ಬಿಟ್ಟರು. ದೀಪ ಹತ್ತಿತು. ಅತಿ ಸಣ್ಣದಕ್ಕೂ ಹತ್ತಿತು. ತಂತಿ ಚೆನ್ನಾಗಿತ್ತು. ಆಮೇಲೆ ಕೆಂಪಿಗೆ ಹೋಗಿ ತಿರುಪು ತಿರುಗಿಸಿದರು.

ಕೃಷ್ಣಯ್ಯ ದೀಪ ನೋಡಲಿಲ್ಲ. ಮಗಳ ಹೆಬ್ಬೆರಳು ನೋಡಿದ. ಅದು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಇನ್ನೂ ಕೇಳಬಹುದು, ಇನ್ನೇನು ಕೇಳಬಹುದು ಎಂದು ಕಾಯುತ್ತಿರುವ ಬೆರಳು.

ಡಾಕ್ಟರು ಹೇಳಿದ್ದು ಇಷ್ಟು. ಹೀಗೆ ಇದ್ದಕ್ಕಿದ್ದಂತೆ ಒಂದು ಕಿವಿ ಹೋಗುವುದುಂಟು. ಬಹಳಷ್ಟು ಸಲ ಕಾರಣ ಸಿಗುವುದಿಲ್ಲ. ಮಾತ್ರೆ ಕೊಡುತ್ತೇವೆ, ಕಿವಿಯೊಳಕ್ಕೇ ಇಂಜೆಕ್ಷನ್ ಕೊಡುತ್ತೇವೆ. ಬೇಗ ಬಂದಷ್ಟೂ ಕೇಳುವ ಶಕ್ತಿ ವಾಪಸ್ ಬರುವ ಸಾಧ್ಯತೆ ಹೆಚ್ಚು. ತಡವಾಗಿದೆ, ಆದರೂ ನೋಡೋಣ. ನಿಮ್ಮಿಂದ ಆಗಿದ್ದು ಎಂದು ಡಾಕ್ಟರು ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಕೃಷ್ಣಯ್ಯ ಗೋಡೆ ಹಿಡಿದುಕೊಂಡ. ಮುನಿಲಕ್ಷ್ಮಮ್ಮ ಅವನ ಕೈ ಬಿಡಿಸಿ ತನ್ನ ಭುಜದ ಮೇಲಿಟ್ಟುಕೊಂಡಳು.

ಇಂಜೆಕ್ಷನ್ನುಗಳು ಮುಗಿದವು. ದಪ್ಪ ಸದ್ದುಗಳು ಸ್ವಲ್ಪ ಮರಳಿದವು. ಬಸ್ಸು, ಲೇತು, ಅಪ್ಪನ ಕೂಗು, ಎಲ್ಲ ನೀರೊಳಗಿಂದ ಬಂದ ಹಾಗೆ. ಸಣ್ಣವು ಬರಲಿಲ್ಲ. ಕೊನೆಯ ಪರೀಕ್ಷೆಯ ದಿನ ಡಾಕ್ಟರು, ಬಂದದ್ದು ಇಷ್ಟೇ, ಇನ್ನು ಬರಲಾರದು ಎಂದರು.

ಮನೆಗೆ ಬಂದ ಕೃಷ್ಣಯ್ಯ ಬೆಂಚಿನ ಮೇಲಿದ್ದ ತಂತಿಯ ಸುರುಳಿ, ಪಿನ್ನು, ಬೆಸುಗೆಯ ಕಡ್ಡಿ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದ. ಬಸವಕಿರಣ್ ಚೀಲ ವಾಪಸ್ ಕಳಿಸಿದ್ದ. ಅದನ್ನೂ ಪೆಟ್ಟಿಗೆಗೆ ತುರುಕಿದ.

"ಏನ್ ಮಾಡ್ತಿದ್ದೀಯಾ?" ಎಂದಳು ಚೈತ್ರ.

"ಸಾಕು ಇದು. ಯಾರ ಮನೇಲಾದ್ರೂ ವೈರಿಂಗ್ ಕೆಲಸ ಮಾಡ್ಕೊಂಡಿರ್ತೀನಿ."

"ಯಾಕೆ?"

ಅವನು ಇನ್ನೊಂದು ಸುರುಳಿಯನ್ನು ಪೆಟ್ಟಿಗೆಗೆ ಹಾಕಿದ. ಚೈತ್ರ ಪೆಟ್ಟಿಗೆಗೆ ಕೈ ಹಾಕಿ ಹೆಡ್‌ಫೋನನ್ನೂ ತಾಮ್ರದ ಕೇಬಲನ್ನೂ ಹೊರಗೆ ತೆಗೆದಳು. ಲೇತುಗಳು ನಿಂತಿದ್ದವು. ಸರಿಯಾಗಿ ಹಾಕಿಕೊಂಡು ಬಲಗಿವಿಯಲ್ಲಿ ಬಲದ್ದನ್ನು ಕೇಳಿದಳು. ಆಮೇಲೆ ತಿರುಗಿಸಿ ಹಾಕಿಕೊಂಡು ಅದೇ ಬಲಗಿವಿಯಲ್ಲಿ ಎಡದ್ದನ್ನು ಕೇಳಿದಳು. ಕೇಬಲ್ ಬದಲಾಯಿಸಿ ಮತ್ತೆ ಹಾಗೆಯೇ. ಮೊದಲಿಗಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ಕೃಷ್ಣಯ್ಯ ಪೆಟ್ಟಿಗೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕಾದ.

ಕೊನೆಗೆ ಅವಳು ಫೋನು ತೆಗೆದುಕೊಂಡು ಬಸವಕಿರಣನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದಳು. "ಬಸವಕಿರಣ್ ಅವ್ರೇ, ಮೂರೂ ಕೇಬಲ್ ಕೇಳಿದೆ. ತಾಮ್ರದ್ದಕ್ಕೂ ಬೆಳ್ಳಿ ಬಳಿದದ್ದಕ್ಕೂ ನನಗೆ ಏನೂ ವ್ಯತ್ಯಾಸ ಸಿಗಲಿಲ್ಲ. ಪೂರ್ತಿ ಬೆಳ್ಳೀದು ಒಂದು ಚೂರು ಜೋರು, ಅಷ್ಟೇ. ಎಡ ಬಲ ಎಲ್ಲದ್ರಲ್ಲೂ ಸಮ ಇದೆ. ಒಂದೇ ಕಿವೀಲಿ ಕೇಳಿ ಹೇಳಿದ್ದು ಅಂತ ಗಿರಾಕಿಗಳಿಗೆ ಹೇಳಿ. ಮುಚ್ಚಿಡ್ಬೇಡಿ."

ಫೋನು ಇಟ್ಟಳು. "ಬಳೆ ಚೆನ್ನಾಗಿ ಕೇಳ್ತು ಅಪ್ಪ. ನಿನ್ನ ಬೆಸುಗೆ ಮೊದಲಿಂದಲೂ ಸರಿ ಇತ್ತು."

ಅವನು ಮುಖ ಆ ಕಡೆ ಮಾಡಿದ.

"ಒಂದೇ ಒಂದು ಗೊತ್ತಾಗಲ್ಲ," ಎಂದಳು ಅವಳು. "ಮೊದಲು ಕಣ್ಣು ಮುಚ್ಚಿದ್ರೆ ತಾರಸಿ ಕಾಣ್ತಿತ್ತು. ಮೊರ ಇಲ್ಲಿ, ಬಳೆ ಅಲ್ಲಿ, ಸೊಪ್ಪಿನವಳು ರಸ್ತೇಲಿ. ಈಗ ಎಲ್ಲಾ ಒಂದೇ ಕಡೆ. ಅಮ್ಮ ಎಲ್ಲಿ ಕೂತಿದ್ದಾಳೆ ಅಂತಾನೇ ತಿಳಿಯಲ್ಲ."



ಮರುದಿನ ಬೆಳಿಗ್ಗೆ ಕೃಷ್ಣಯ್ಯ ಡ್ರಿಲ್ಲಿಂಗ್ ಮೆಷಿನ್ನು ತಂದು ಬೆಂಚಿನ ಬಲಗಡೆಯ ಗೋಡೆ ಕೊರೆಯತೊಡಗಿದ. ಹಳೆಯ ಕಾಲದ ಕಲ್ಲುಗೋಡೆ. ಕೊರೆಯುವ ಎರಡು ಮೊನೆಗಳು ಮುರಿದವು. ಗೋಡೆಗೂ ಬೈದ, ಗೋಡೆ ಕಟ್ಟಿದವನಿಗೂ ಬೈದ. ಧೂಳು ಅಡುಗೆ ಮನೆಗೆ ನುಗ್ಗಿತು. "ಸಾರಿಗೆಲ್ಲ ಬಿತ್ತಲ್ರೀ! ಇದ್ದ ಪ್ಲಗ್ಗಿಗೆ ಏನಾಗಿತ್ತು?" ಎಂದು ಮುನಿಲಕ್ಷ್ಮಮ್ಮ ಕೂಗಿದಳು. ಅವನು ಎಡಗಡೆಯ ಪ್ಲಗ್ಗು ಕಿತ್ತು, ವೈರು ಎಳೆದು, ಬಲಗಡೆ ಕೂರಿಸಿದ. ಬೆಸುಗೆಯ ಕಡ್ಡಿ, ಸೀಸದ ಸುರುಳಿ, ಕತ್ತರಿ, ಮೀಟರು ಎಲ್ಲ ಆ ಕಡೆ ಬಂದವು. ಕೊನೆಗೆ ಸ್ಟೂಲನ್ನು ಎತ್ತಿ ತಂದು ಮಗಳ ಬಲಕ್ಕೆ ಹಾಕಿ ಕೂತ. ಚೈತ್ರ ಎಲ್ಲವನ್ನೂ ನೋಡುತ್ತಿದ್ದಳು.

ಕೈ ಅಭ್ಯಾಸ ಹಳೆಯ ಕಡೆಗೇ ಹೋಗುತ್ತಿತ್ತು. ಸೀಸಕ್ಕೆಂದು ಎಡಕ್ಕೆ ಚಾಚಿದ ಕೈ ಖಾಲಿ ಬಂತು. ಆ ಸಿಟ್ಟಿಗೆ ಅವನು ತನ್ನ ಎಂದಿನ ದನಿಯಲ್ಲಿ, "ಚೈತ್ರಾ! ಎಲ್ಲಿಟ್ಟಿದ್ದೀಯೇ ಆ ಸೀಸಾನ?" ಎಂದು ಕಿರುಚಿದ.

ಚೈತ್ರ ಬಲಗಿವಿಗೆ ಕೈ ಮುಚ್ಚಿಕೊಂಡಳು. ಸೀಸದ ಸುರುಳಿಯನ್ನು ಅವನ ಮುಂದೆ ತಳ್ಳಿದಳು.

"ಕೂಗ್ಬೇಡ ಅಪ್ಪ," ಎಂದಳು. "ಈ ಕಡೆ ಕೇಳುತ್ತೆ."